ಸ್ಕ್ಯಾನ್ ನಾರ್ಮಲ್ ಅಂದ್ಮೇಲೆ ಮಗನದ್ದು ನಾಟಕವಾ?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಗ್ಯಾಸ್ ಆಫ್ ಆಗಿದೆಯಾ ಅಂತ ರಾತ್ರಿ ಇಪ್ಪತ್ತು ಸಲ ಎದ್ದು ನೋಡ್ತಾನೆ. ಆಮೇಲೂ ‘ಅಮ್ಮಾ, ಆಫ್ ಆಗಿದೆ ಅಲ್ವಾ?’ ಅಂತ ಕೇಳ್ತಾನೇ ಇರ್ತಾನೆ. ಡಾಕ್ಟರು ಒಸಿಡಿ, ಅಂದರೆ ಗೀಳು ಕಾಯಿಲೆ ಎಂದರು. ಇದರಲ್ಲಿ ಮೆದುಳಿನ ರಚನೆಯೇ ಬೇರೆ ಇರುತ್ತದೆ ಎಂದು ಓದಿ ನಾವೇ ಎಂಆರ್‌ಐ ಮಾಡಿಸಿದೆವು. ನಾರ್ಮಲ್ ಬಂತು. ಈಗ ನಮ್ಮ ಯಜಮಾನರು ‘ಎಲ್ಲ ಸರಿಯಿದೆ, ಸುಮ್ನೆ ನಾಟಕ’ ಅಂತಾರೆ. ಯಾವುದು ನಿಜ?

ಉತ್ತರ: ನಿಮ್ಮ ಮಗ ನಾಟಕ ಮಾಡುತ್ತಿಲ್ಲ ತಾಯಿ. ಇದನ್ನು ಅವನ ತಂದೆಗೂ ಓದಿ ಹೇಳಿ.

ನೀವು ಓದಿದ್ದೂ ಸುಳ್ಳಲ್ಲ, ರಿಪೋರ್ಟೂ ಸುಳ್ಳಲ್ಲ. ಒಸಿಡಿ ಇರುವ 1,800ಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು, ಒಸಿಡಿ ಇಲ್ಲದ ಸುಮಾರು ಅಷ್ಟೇ ಜನರ ಸ್ಕ್ಯಾನ್ ಜೊತೆ ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಹಲವು ದೇಶಗಳ ಜೊತೆ ನಮ್ಮ ನಿಮ್ಹಾನ್ಸ್ ಕೂಡ ಅದರಲ್ಲಿತ್ತು. ಒಸಿಡಿ ಇರುವ ದೊಡ್ಡವರಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗ ಸರಾಸರಿಯಲ್ಲಿ ಸ್ವಲ್ಪ ಚಿಕ್ಕದಿತ್ತು, ಪ್ಯಾಲಿಡಮ್ ಸ್ವಲ್ಪ ದೊಡ್ಡದಿತ್ತು. ಮಾತ್ರೆ ತೆಗೆದುಕೊಳ್ಳದ ಮಕ್ಕಳಲ್ಲಿ ಥಾಲಮಸ್ ದೊಡ್ಡದಿತ್ತು. ಆದರೆ ಈ ವ್ಯತ್ಯಾಸ ಬಹಳ ಸಣ್ಣದು. ನೂರಾರು, ಸಾವಿರಾರು ಜನರ ಲೆಕ್ಕ ಒಟ್ಟು ಹಾಕಿದರೆ ಮಾತ್ರ ಕಾಣುತ್ತದೆ. ಒಬ್ಬನ ಫಿಲ್ಮ್ ಹಿಡಿದು ‘ಇವನಿಗೆ ಒಸಿಡಿ ಇದೆ’ ಎಂದೂ ಹೇಳಲಾಗದು, ‘ಇಲ್ಲ’ ಎಂದೂ ಹೇಳಲಾಗದು. ಈ ಕಾಯಿಲೆ ಗೊತ್ತಾಗುವುದು ಕೂರಿಸಿ ಮಾತಾಡಿಸಿದಾಗಲೇ.

ನನಗೆ ಗಾತ್ರಕ್ಕಿಂತ ಮುಖ್ಯ ಅನ್ನಿಸುವುದು ಮೆದುಳಿನ ಭಾಗಗಳ ನಡುವಿನ ಕೊಡುಕೊಳ್ಳುವಿಕೆ. ಕಣ್ಣಿನ ಮೇಲ್ಗಡೆ, ಹಣೆಯ ಹಿಂದಿರುವ ಭಾಗ ‘ಏನೋ ತಪ್ಪಾಗಿದೆ’ ಎಂದು ಎಚ್ಚರಿಸುತ್ತದೆ. ಆ ಸುದ್ದಿ ಒಳಗಿನ ಕಾಡೇಟ್, ಥಾಲಮಸ್‌ಗಳನ್ನು ಸುತ್ತಿ ಮತ್ತೆ ಹಣೆಯ ಕಡೆಗೇ ಬರುತ್ತದೆ. ನಾಬ್ ತಿರುಗಿಸಿದ ಮೇಲೆ ನಮಗೆ ನಿಮಗೆ ಅದು ತಣ್ಣಗಾಗುತ್ತದೆ. ನಿಮ್ಮ ಮಗನಿಗೆ ತಣ್ಣಗಾಗುವುದಿಲ್ಲ. ನಾಬ್ ಆಫ್ ಆಗಿರುವುದು ಅವನ ಕಣ್ಣಿಗೆ ಕಾಣುತ್ತದೆ. ‘ಮುಗೀತು, ಮಲಗು’ ಅನ್ನುವ ನೆಮ್ಮದಿ ಮಾತ್ರ ಬರುವುದಿಲ್ಲ. ಪಾಪ, ಅದಕ್ಕೇ ಮತ್ತೆ ಎದ್ದು ಹೋಗುತ್ತಾನೆ.

ಇದು ಬದಲಾಗುತ್ತದೆ. 1992ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ಕೆಲವು ರೋಗಿಗಳಿಗೆ ಚಿಕಿತ್ಸೆಗೆ ಮುಂಚೆ ಮತ್ತು ಆಮೇಲೆ ಪೆಟ್ ಸ್ಕ್ಯಾನ್ (ಮೆದುಳಿನ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಮಾಡಿದರು. ಗುಣ ಕಂಡವರಲ್ಲಿ ಕಾಡೇಟ್‌ನ ಚಟುವಟಿಕೆ ಇಳಿದಿತ್ತು. ಫ್ಲುಆಕ್ಸೆಟಿನ್ ಮಾತ್ರೆ ನುಂಗಿದವರಲ್ಲೂ ಇಳಿದಿತ್ತು, ಮಾತ್ರೆಯಿಲ್ಲದೆ ಬರೀ ವರ್ತನೆ ಚಿಕಿತ್ಸೆ ಪಡೆದವರಲ್ಲೂ ಇಳಿದಿತ್ತು!

ಆ ಚಿಕಿತ್ಸೆಯಲ್ಲಿ ಒಂದೇ ಸಲ ನೋಡಿ, ಎಷ್ಟೇ ಚಡಪಡಿಕೆಯಾದರೂ ಮತ್ತೆ ಹೋಗದೆ ಕೂರುವುದನ್ನು ಹಂತಹಂತವಾಗಿ ರೂಢಿ ಮಾಡಿಸುತ್ತಾರೆ. ಮಾತ್ರೆ ಕೊಟ್ಟಿದ್ದರೆ ಅದರ ಗುಣ ಕಾಣಲು 8ರಿಂದ 12 ವಾರ ಬೇಕು. ಎರಡು ವಾರಕ್ಕೇ ನಿಲ್ಲಿಸಬೇಡಿ.

ಇನ್ನೊಂದು ವಿಷಯ. ‘ಹೂಂ ಕಣೋ, ಆಫ್ ಆಗಿದೆ’ ಎಂದು ನೀವು ಹೇಳಿದಾಗ ಅವನಿಗೆ ಒಂದು ನಿಮಿಷ ಹಾಯೆನಿಸುತ್ತದೆ. ಆಮೇಲೆ ಅದೇ ಪ್ರಶ್ನೆ, ಇನ್ನೂ ಜಾಸ್ತಿ. ಹಾಗಂತ ಒಮ್ಮೆಲೇ ಉತ್ತರ ನಿಲ್ಲಿಸಿದರೆ ಹುಡುಗ ಕಂಗಾಲಾಗುತ್ತಾನೆ. ಚಿಕಿತ್ಸೆ ಕೊಡುವವರ ಎದುರು ಅವನನ್ನೂ ಕೂರಿಸಿಕೊಂಡು, ದಿನಕ್ಕೆ ಎಷ್ಟು ಸಲ ಹೇಳುವುದು ಎಂದು ಮಾತಾಡಿಕೊಂಡು ನಿಧಾನಕ್ಕೆ ಇಳಿಸಿ. ನಡುವೆ ತೀರಾ ಕಷ್ಟವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಸ್ಕ್ಯಾನ್‌ಗೆ ದುಡ್ಡು ಹಾಕಬೇಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ.