ಜ್ವರ ಬಿಟ್ಟ ಮೇಲೂ ಬಿಡದ ಮಂಕು

ಪ್ರಶ್ನೆ: ನಾವು ಕೋಲಾರ ತಾಲ್ಲೂಕಿನ ಹಳ್ಳಿಯವರು. ನಮ್ಮ ಯಜಮಾನರಿಗೆ ನಲವತ್ತೆರಡು ವರ್ಷ, ಟೊಮೆಟೊ ಬೆಳೆಯುತ್ತಾರೆ. ನಾಲ್ಕು ತಿಂಗಳ ಹಿಂದೆ ಚಿಕೂನ್‌ಗುನ್ಯಾ ಬಂದಿತ್ತು, ರಕ್ತಪರೀಕ್ಷೆಯಲ್ಲಿ ಖಚಿತವಾಗಿತ್ತು. ಜ್ವರ ಐದು ದಿನಕ್ಕೆ ಬಿಟ್ಟರೂ ಅವರು ಮೊದಲಿನಂತಿಲ್ಲ. ಮಂಡಿಯಲ್ಲಿ ಕೊಟ್ಟ ಚೀಟಿಯನ್ನು ಮೂರು ಸಲ ಓದಿದರೂ ಎಷ್ಟು ಬಾಕ್ಸ್ ಹೋಯಿತು, ಕಮಿಷನ್ ಕಳೆದು ಎಷ್ಟು ಬಂತು ಎಂಬುದು ತಲೆಗೆ ಹತ್ತುವುದಿಲ್ಲ ಎನ್ನುತ್ತಾರೆ. ರಾತ್ರಿ ಎರಡಕ್ಕೇ ಎಚ್ಚರವಾಗಿ ಜಗಲಿಯ ಮೇಲೆ ಕೂತಿರುತ್ತಾರೆ. ಮಂಡಿನೋವು ಇನ್ನೂ ಇದೆ. ಅತ್ತೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದ್ದಾರೆ, ಮೈದುನ ಸೋಮಾರಿತನ ಎನ್ನುತ್ತಾನೆ. ಸೊಳ್ಳೆಯಿಂದ ಬಂದ ಜ್ವರ ಮನಸ್ಸನ್ನೂ ಕೆಡಿಸುತ್ತದೆಯೇ ಡಾಕ್ಟರೇ?

ಉತ್ತರ: ಕೆಡಿಸಬಲ್ಲದು. ನಿಮ್ಮ ಅತ್ತೆಯವರು ಏನೋ ತಗುಲಿದೆ ಎಂದು ಗುರುತಿಸಿದ್ದಾರಲ್ಲ, ಅಷ್ಟರಮಟ್ಟಿಗೆ ಅವರು ಮೈದುನನಿಗಿಂತ ಸತ್ಯಕ್ಕೆ ಹತ್ತಿರವಿದ್ದಾರೆ.

ರಕ್ತದಲ್ಲಿರುವುದೆಲ್ಲ ಮೆದುಳಿಗೆ ಹೋಗದಂತೆ ಸೋಸುವ ತಡೆಯೊಂದು ನಮ್ಮಲ್ಲಿರುವುದರಿಂದ, ಹೆಚ್ಚಿನ ಜ್ವರಗಳಲ್ಲಿ ವೈರಸ್ ಮೆದುಳಿನೊಳಕ್ಕೆ ನುಗ್ಗುವುದಿಲ್ಲ. ಆದರೆ ಅದರೊಡನೆ ಹೋರಾಡುವಾಗ ದೇಹ ಸ್ರವಿಸುವ ಸೈಟೊಕೈನ್ ಎಂಬ ರಾಸಾಯನಿಕಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಜ್ವರದಲ್ಲಿ ಊಟ ಬೇಡ, ಮಾತು ಬೇಡ, ಕಂಬಳಿ ಹೊದ್ದು ಬಿದ್ದುಕೊಂಡರೆ ಸಾಕು ಎನ್ನಿಸುವುದು ಈ ಸುದ್ದಿಯ ಫಲವೇ. ಜ್ವರ ಇಳಿದ ಮೇಲೂ ಕೆಲವರಲ್ಲಿ ಈ ಹೋರಾಟದಿಂದೆದ್ದ ಉರಿಯೂತ ಪೂರ್ತಿ ತಣ್ಣಗಾಗುವುದಿಲ್ಲ. ಇದಕ್ಕೆ ನೇರ ಸಾಕ್ಷಿ ಒದಗಿಸಿದ್ದು ಒಂದು ಔಷಧ: ದೇಹವೇ ವೈರಸ್ಸಿನ ವಿರುದ್ಧ ತಯಾರಿಸುವ ಇಂಟರ್‌ಫೆರಾನ್ ಎಂಬ ಸೈಟೊಕೈನನ್ನು ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕಿನ ರೋಗಿಗಳಿಗೆ ಚುಚ್ಚುಮದ್ದಾಗಿ ಕೊಡುತ್ತಿದ್ದ ಕಾಲದಲ್ಲಿ, ಅದುವರೆಗೆ ಲವಲವಿಕೆಯಿಂದಿದ್ದ ಅನೇಕರು ಕೆಲವೇ ವಾರಗಳಲ್ಲಿ ಖಿನ್ನತೆಗೆ ಜಾರುತ್ತಿದ್ದರು.

ಕೋವಿಡ್ ಬಂದವರ ಬಗ್ಗೆ 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 2,36,379 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಆರು ತಿಂಗಳೊಳಗೆ ಸುಮಾರು ಮೂವರಲ್ಲಿ ಒಬ್ಬರಿಗೆ ನರಸಂಬಂಧಿ ಅಥವಾ ಮಾನಸಿಕ ತೊಂದರೆ ದಾಖಲಾಗಿತ್ತು. ಪತ್ರಿಕೆಗಳು ಆಗ ಇದನ್ನಷ್ಟೇ ದೊಡ್ಡಕ್ಷರದಲ್ಲಿ ಹಾಕಿದವು. ಜೀವನದಲ್ಲಿ ಮೊದಲ ಬಾರಿಗೆ ಇಂಥ ತೊಂದರೆ ಕಂಡವರು ಒಟ್ಟು ರೋಗಿಗಳಲ್ಲಿ ಶೇ 13ರಷ್ಟು ಮಾತ್ರ. ಆದ್ದರಿಂದ ಜ್ವರದ ನಂತರದ ಪ್ರತಿಯೊಂದು ಬೇಸರವನ್ನೂ ವೈರಸ್ಸಿನ ತಲೆಗೆ ಕಟ್ಟುವುದೂ ಸರಿಯಲ್ಲ.

ಚೀಟಿ ಓದಿದರೂ ಲೆಕ್ಕ ನಿಲ್ಲದಿರುವುದು ಹೆಚ್ಚಾಗಿ ನೆನಪು ಹೋದದ್ದಲ್ಲ, ಗಮನ ನಿಲ್ಲದಿರುವುದು. ನಿದ್ದೆಗೆಟ್ಟ ಮತ್ತು ಖಿನ್ನಗೊಂಡ ಮನಸ್ಸಿನಲ್ಲಿ ಇದು ಸಾಮಾನ್ಯ. ಚಿಕೂನ್‌ಗುನ್ಯಾದ ಕೀಲುನೋವು ತಿಂಗಳುಗಟ್ಟಲೆ ಉಳಿದು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ನೋವನ್ನು ಹೆಚ್ಚಿಸುತ್ತದೆ. 2006ರಲ್ಲಿ ಈ ರೋಗ ನಮ್ಮ ರಾಜ್ಯದ ಊರೂರಿಗೂ ಹಬ್ಬಿದಾಗ ನಾವು ವೈದ್ಯರು ಕೀಲುಗಳನ್ನು ಮುಟ್ಟಿ ನೋಡಿದೆವೇ ಹೊರತು, ನಿದ್ದೆ ಬರುತ್ತಿದೆಯೇ ಎಂದು ಕೇಳಿದ್ದು ಕಡಿಮೆ.

ಇನ್ನೊಂದು ಸಂಗತಿಯನ್ನು ನೀವೇ ಪತ್ತೆ ಮಾಡಬೇಕು. ಮಂಡಿನೋವಿಗೆಂದು ಅವರು ವೈದ್ಯರ ಚೀಟಿಯಿಲ್ಲದೆ ಯಾವುದಾದರೂ ಮಾತ್ರೆ ನುಂಗುತ್ತಿದ್ದಾರೆಯೇ? ನುಂಗಿದ ದಿನವೇ ನೋವು ಮಾಯವಾಗುವ ಇಂಥ ಪೊಟ್ಟಣದ ಮಾತ್ರೆಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಅದೊಂದೇ ನಿದ್ದೆಯನ್ನೂ ಮನಸ್ಸನ್ನೂ ಕೆಡಿಸಬಲ್ಲದು. ಹಾಗೆಂದು ಥಟ್ಟನೆ ನಿಲ್ಲಿಸಬೇಡಿ, ಮಾತ್ರೆಯ ಸಮೇತ ವೈದ್ಯರನ್ನು ಕಾಣಿರಿ. ಥೈರಾಯ್ಡ್, ಬಿ12, ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆಗಳೂ ಆಗಲಿ. ಬಳಿಕ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ವೈರಸ್ಸಿನ ನಂತರ ಬಂದ ಖಿನ್ನತೆಗೂ ಬೇರೆ ಖಿನ್ನತೆಗೆ ಕೊಡುವ ಚಿಕಿತ್ಸೆಯೇ ಸಲ್ಲುತ್ತದೆ. ಸಾಯುವ ಮಾತೇನಾದರೂ ಬಾಯಿಗೆ ಬಂದರೆ ಕಾಯಬೇಡಿ; ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ತಾಯಿತ ಇರಲಿ, ಅದರಿಂದ ಔಷಧಕ್ಕೆ ಅಡ್ಡಿಯಿಲ್ಲ.

ನಿಮ್ಮ ಯಜಮಾನರದು ನಿಧಾನವಾಗಿ ಕವಿದ ಮಂಕು. ಜ್ವರ ಕಾಯುತ್ತಿರುವಾಗಲೇ ಒಬ್ಬರು ಅಸಂಬದ್ಧ ಮಾತನಾಡತೊಡಗಿದರೆ, ಮನೆಯವರ ಗುರುತು ಸಿಗದಿದ್ದರೆ, ಫಿಟ್ಸ್ ಬಂದರೆ, ಅದು ಬೇರೆಯೇ ವಿಷಯ; ಅಲ್ಲಿ ಮೆದುಳೇ ಊದಿಕೊಂಡಿರಬಹುದು. ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸೇ ಅಪರೂಪಕ್ಕೆ ನೆನಪು ಮತ್ತು ಭಾವನೆಗಳ ಭಾಗಕ್ಕೆ ದಾಳಿಯಿಡುತ್ತದೆ. ಅದಕ್ಕೆ ಅಸೈಕ್ಲೋವಿರ್ ಎಂಬ ಔಷಧವಿದ್ದು, ಅದನ್ನು ರಕ್ತನಾಳಕ್ಕೆ ಏರಿಸುವುದು ತಡವಾದಷ್ಟೂ ಹಾನಿ ಹೆಚ್ಚು. ಮೈಮೇಲೆ ಬಂದಿದೆ ಎಂದು ಇಂಥವರನ್ನು ಗುಡಿಗೆ ಕರೆದೊಯ್ದು ಒಂದು ರಾತ್ರಿ ಕಳೆದರೂ ಅದು ದುಬಾರಿ.

ಪ್ರಶ್ನೆ: ನಮ್ಮ ಮಗುವಿಗೆ ಒಂದೂವರೆ ವರ್ಷ. ಮೆದುಳು ಜ್ವರದ ಲಸಿಕೆ ಎರಡನೆಯ ಬಾರಿಯೂ ಬೇಕೇ? ಊರಲ್ಲಿ ಯಾರಿಗೂ ಬಂದಿಲ್ಲ.
(ಮುಳಬಾಗಿಲು ತಾಲ್ಲೂಕಿನ ಓದುಗರು)

ಉತ್ತರ: ಬೇಕು. ಕೆರೆ, ಗದ್ದೆಗಳ ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಗಳು ಹಂದಿ ಮತ್ತು ಬೆಳ್ಳಕ್ಕಿಗಳಿಂದ ಈ ಮೆದುಳು ಜ್ವರದ (ಜಪಾನೀಸ್ ಎನ್‌ಸೆಫಲೈಟಿಸ್) ವೈರಸ್ಸನ್ನು ಮನುಷ್ಯನಿಗೆ ತರುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಕೋಲಾರ ಜಿಲ್ಲೆ ಈ ಜ್ವರವನ್ನು ಹಿಂದೆ ಚೆನ್ನಾಗಿ ಕಂಡಿದೆ. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗಷ್ಟೇ ರೋಗ ಉಲ್ಬಣಿಸುತ್ತದೆ ಎಂಬುದು ನಿಜ. ಆದರೆ ಹಾಗೆ ಉಲ್ಬಣಿಸಿ ಬದುಕುಳಿದ ಮಕ್ಕಳಲ್ಲಿ ಅನೇಕರಿಗೆ ಕಲಿಕೆ, ನಡವಳಿಕೆ, ಕೈಕಾಲಿನ ಚಲನೆಗಳಲ್ಲಿ ಕಾಯಂ ಊನ ಉಳಿಯುತ್ತದೆ, ವೈರಸ್ಸನ್ನೇ ಕೊಲ್ಲುವ ಔಷಧವೂ ಇದಕ್ಕಿಲ್ಲ. ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ನಿಮ್ಮ ಮಗುವಿಗೆ ಈಗ ಸರಿಯಾದ ವಯಸ್ಸು. ತಾಯಿ ಕಾರ್ಡ್ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಲಸಿಕೆ ಹಾಕುವ ದಿನ ಹೋಗಿ ಬನ್ನಿ.