ಪ್ಲಗ್ ಅರ್ಧ ಕೂತರೂ ಮಿಕ್ಸಿ ತಿರುಗುತ್ತದೆ, ಹಾಗೇ ಬಿಡಬಹುದಾ?

ಅಡುಗೆಮನೆಯ ಸಾಕೆಟ್‌ನಲ್ಲಿ ಪ್ಲಗ್ ಪೂರ್ತಿ ಕೂರುವುದಿಲ್ಲ, ಆದರೂ ಮಿಕ್ಸಿ ತಿರುಗುತ್ತದೆ, ಮನೆಯಲ್ಲಿ ಎರಡು ವರ್ಷದ ಮಗು ಇದೆ ಅಂತ ಬರೆದಿದ್ದೀರಿ. ದಯವಿಟ್ಟು ಹಾಗೆ ಬಿಡಬೇಡಿ. ಈಗಲೇ ಮೈನ್ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದಿಡಿ.

ನಾನು ಬದಿಯಡ್ಕದ ಕಡೆ ವಯರಿಂಗ್ ಕೆಲಸ ಮಾಡುವವನು. ಪ್ಲಗ್‌ಗೂ ಸಾಕೆಟ್‌ಗೂ ನಡುವೆ ಹಿತ್ತಾಳೆ ಪಿನ್ ಕಾಣುತ್ತದಲ್ವಾ? ಮಿಕ್ಸಿ ತಿರುಗುತ್ತಿದೆ ಅಂದರೆ ಅಲ್ಲಿ 230 ವೋಲ್ಟ್ ಇದೆ. ಮಗುವಿನ ಬೆರಳು ಆ ಸಂದಿಗೆ ಸಲೀಸಾಗಿ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳ ನೆಲ ತಣ್ಣಗೆ ಒದ್ದೆ, ಕಾಲಲ್ಲಿ ಚಪ್ಪಲಿಯೂ ಇರುವುದಿಲ್ಲ.

ಇನ್ನೊಂದು ಅಪಾಯ ಬಿಸಿಯದ್ದು. ಕಳೆದ ಮಳೆಗಾಲ ಒಂದು ಮನೆಗೆ ಹೋಗಿದ್ದೆ. ಮಗ ದುಬೈಯಿಂದ ತಂದ ಇಸ್ತ್ರಿ ಪೆಟ್ಟಿಗೆ, ಚಪ್ಪಟೆ ಪಿನ್ನಿನದು. ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿದ್ದರು. ಭಾರಕ್ಕೆ ಅದು ಕೆಳಗೆ ಜೋತು ಅರ್ಧ ಹೊರಗೆ ಬಂದಿತ್ತು. ಎಳೆದು ನೋಡಿದರೆ ಪಿನ್ ಕಪ್ಪಾಗಿದೆ, ಸಾಕೆಟ್‌ನ ಒಂದು ತೂತು ಕರಗಿ ಅಗಲವಾಗಿದೆ. "ವಾರದಿಂದ ಮೀನು ಸುಟ್ಟ ವಾಸನೆ ಬರ್ತಾ ಇತ್ತು" ಅಂದರು ಆ ಮನೆಯ ಅಮ್ಮ. ಅದು ಮೀನಲ್ಲ, ಪ್ಲಾಸ್ಟಿಕ್.

ಎಂಸಿಬಿ, ಅಂದರೆ ಬೋರ್ಡಿನಲ್ಲಿ ತಾನಾಗಿ ಆಫ್ ಆಗುವ ಸ್ವಿಚ್, ಬಿದ್ದಿರಲಿಲ್ಲ. ಕರೆಂಟು ಮಿತಿ ಮೀರಿದರೆ ಮಾತ್ರ ಅದು ಬೀಳುವುದು. ಸಡಿಲ ಪಿನ್ನಿನಲ್ಲಿ ಹರಿಯುವುದು ಮಾಮೂಲಿ ಕರೆಂಟೇ, ಆದರೆ ತಾಗುವ ಜಾಗ ಕಡಿಮೆ, ತಡೆ ಜಾಸ್ತಿ. 2000 ವಾಟ್‌ನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ ಸಾಸಿವೆಯಷ್ಟು ಜಾಗದಲ್ಲಿ ಹತ್ತಿರ ಹತ್ತಿರ 40 ವಾಟ್ ಬಿಸಿ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ ಹೆಚ್ಚಾಗಿ 25 ವಾಟ್‌ನದ್ದು, ಯೋಚಿಸಿ.

30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಖಂಡಿತ ಹಾಕಿಸಿ. ಒಂದು ಪಿನ್ ಮುಟ್ಟಿ ಕರೆಂಟು ಮೈಯಿಂದ ನೆಲಕ್ಕೆ ಇಳಿದರೆ ಆ ಸ್ವಿಚ್ ಕೂಡಲೇ ಕರೆಂಟು ನಿಲ್ಲಿಸುತ್ತದೆ. ಎರಡೂ ಪಿನ್ ಒಟ್ಟಿಗೆ ಮುಟ್ಟಿದರೆ ಅದಕ್ಕೂ ಗೊತ್ತಾಗದೆ ಹೋಗಬಹುದು. ಈ ಬಿಸಿಯಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಸಾಕೆಟ್ಟನ್ನೇ ಬದಲಿಸಿ. ಐಎಸ್‌ಐ ಗುರುತಿನದು, ಒಳಗೆ ಶಟರ್ (ಪ್ಲಗ್ ಇಲ್ಲದಾಗ ತೂತು ಮುಚ್ಚುವ ಮುಚ್ಚಳ) ಇರುವುದು ತನ್ನಿ. ಕಾಗದ ಮಡಚಿ ತುರುಕುವುದು, ಪಿನ್ ಅಗಲಿಸುವುದು ಬೇಡ. ಬದಲಿಸಲು ಬಂದವರ ಹತ್ತಿರ ಸ್ವಿಚ್ ಫೇಸ್ ವಯರಿನಲ್ಲೇ (ಕರೆಂಟು ಬರುವ ವಯರು) ಇದೆಯಾ ಅಂತ ಟೆಸ್ಟರ್ ಇಟ್ಟು ನೋಡಿಸಿ. ಹಳೆ ಮನೆಗಳಲ್ಲಿ ನ್ಯೂಟ್ರಲ್‌ಗೆ (ಕರೆಂಟು ಹಿಂದೆ ಹೋಗುವ ವಯರು) ಸ್ವಿಚ್ ಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ಹಾಗಿದ್ದರೆ ಸ್ವಿಚ್ ಆಫ್ ಮಾಡಿದರೂ ಪಿನ್ನಿನಲ್ಲಿ ಕರೆಂಟು ಇದ್ದೇ ಇರುತ್ತದೆ.