ಅಜ್ಜಿಯ ಹಾಡು, ಪ್ರಾಸದ ಖುಷಿ

ಅಜ್ಜಿ ತೀರಿಕೊಂಡ ಮೇಲೆ ಅವರ ಬಗ್ಗೆ ಹಾಡು ಕಟ್ಟಿದ ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: ‘ಬರೆಯುವಾಗ ಒಳ್ಳೆ ಪ್ರಾಸ ಸಿಕ್ಕಿತು, ಖುಷಿಯಾಗಿ ನಕ್ಕುಬಿಟ್ಟೆ. ಆಚೆ ಕೋಣೆಯಲ್ಲಿ ಅಮ್ಮ ಅಳುತ್ತಿದ್ದರು. ಹಾಗಾದರೆ ನನ್ನ ದುಃಖ ಸುಳ್ಳಾ? ಈ ಹಾಡನ್ನು ಅಮ್ಮನ ಮುಂದೆ ಹಾಡಬಹುದಾ?’

ಪ್ರಿಯ ಓದುಗರೇ,

ನಿಮ್ಮ ದುಃಖ ಸುಳ್ಳಲ್ಲ. ಅಳು ತಾನಾಗಿ ಬರುತ್ತದೆ. ಹಾಡನ್ನು ಕೂತು ಕಟ್ಟಬೇಕು. ರಾಗಕ್ಕೆ ಮಾತು ಸರಿಯಾಗಿ ಕೂತಾಗ ಖುಷಿಯಾಗದಿದ್ದರೆ ಯಾರೂ ಎರಡನೇ ಸಾಲು ಬರೆಯುತ್ತಿರಲಿಲ್ಲ.

ಇಂಗ್ಲೆಂಡಿನ ಬೀಟಲ್ಸ್ ತಂಡದ ಗಾಯಕ ಪಾಲ್ ಮೆಕಾರ್ಟ್ನಿಯವರ ‘ಯೆಸ್ಟರ್‌ಡೇ’ ಹಾಡು ಕೇಳಿದ್ದೀರಲ್ವಾ? ಅದರ ರಾಗ ಅವರಿಗೆ ಕನಸಿನಲ್ಲಿ ಸಿಕ್ಕಿತ್ತು. ಮಾತು ಹೊಳೆಯಲಿಲ್ಲ. ಬಹಳ ಕಾಲ ಅದನ್ನು ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಎಂದು, ಅಂದರೆ ಮೊಟ್ಟೆಯ ತಿಂಡಿಯ ಹೆಸರಿನಲ್ಲೇ ಹಾಡಿಕೊಳ್ಳುತ್ತಿದ್ದರು. ಮಾತು ಕೂಡಿಬಂದದ್ದು 1965ರಲ್ಲಿ, ಪೋರ್ಚುಗಲ್‌ಗೆ ಹೋಗಿದ್ದಾಗ. ಅದೇ ಜೂನ್ 14ರಂದು ಲಂಡನ್‌ನಲ್ಲಿ ರೆಕಾರ್ಡಿಂಗ್ ಆಯಿತು. ಆವತ್ತೇ ಅವರು ಗಂಟಲು ಕಿತ್ತುಹೋಗುವಂತೆ ಕೂಗುವ ‘ಐ ಆಮ್ ಡೌನ್’ ಕೂಡ ಹಾಡಿದರು! 14ನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವರು ಅವರು. ಈ ಹಾಡಿನಲ್ಲಿ ಆ ನೋವೂ ಇರಬಹುದು ಎಂದು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಇಂಗ್ಲೆಂಡಿನ ಗಿಟಾರ್ ವಾದಕ, ಗಾಯಕ ಎರಿಕ್ ಕ್ಲಾಪ್ಟನ್ ಅವರದು ಇನ್ನೂ ಕಷ್ಟದ ಕಥೆ. 1991ರ ಮಾರ್ಚ್‌ನಲ್ಲಿ ಅವರ ನಾಲ್ಕು ವರ್ಷದ ಮಗ ನ್ಯೂಯಾರ್ಕ್‌ನಲ್ಲಿ 53ನೇ ಮಹಡಿಯ ಕಿಟಕಿಯಿಂದ ಬಿದ್ದು ತೀರಿಕೊಂಡ. ಮಗನ ನೆನಪಿನ ‘ಟಿಯರ್ಸ್ ಇನ್ ಹೆವನ್’ ಹಾಡು ಬರೆಯುವಾಗ ಅವರು ಗೀತರಚನೆಕಾರ ವಿಲ್ ಜೆನ್ನಿಂಗ್ಸ್ ಅವರ ಸಹಾಯ ಕೇಳಿದರು. ಇಷ್ಟು ಸ್ವಂತದ ವಿಷಯ, ನೀವೇ ಬರೆಯಿರಿ ಎಂದು ಜೆನ್ನಿಂಗ್ಸ್ ಹಿಂಜರಿದರು. ಕ್ಲಾಪ್ಟನ್ ಬಿಡಲಿಲ್ಲ. ಸ್ವಂತ ಮಗನ ಹಾಡಿಗೆ ಇನ್ನೊಬ್ಬರ ಕೈ ಬೇಕಾಯಿತು. ಅದರಿಂದ ಆ ತಂದೆಯ ನೋವು ಕಡಿಮೆಯಾಯಿತೇ? ಆದರೆ 2004ರಲ್ಲಿ ಅವರು ಕಾರ್ಯಕ್ರಮಗಳಲ್ಲಿ ಅದನ್ನು ಹಾಡುವುದನ್ನು ನಿಲ್ಲಿಸಿದರು. ಆ ನೋವು ಈಗ ಒಳಗೆ ಹಾಗೆ ಇಲ್ಲ ಎನ್ನುವುದು ಅವರ ಕಾರಣ. ವರ್ಷಗಳ ನಂತರ ಮತ್ತೆ ಹಾಡಿದರು. ಈ ಪ್ರಾಮಾಣಿಕತೆ ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ.

ನಮ್ಮ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಮಗುವನ್ನು ಕಳೆದುಕೊಂಡ ಹಾಡು. ಅಲ್ಲಿ ಗಂಡ ಮಾತಾಡುವುದು ಹೆಂಡತಿಯ ನೋಟದ ಬಗ್ಗೆ. ಆ ನೋಟವನ್ನು ಎದುರಿಸಲು ಅವನಿಗೆ ಆಗುತ್ತಿಲ್ಲ. ಅಷ್ಟರಲ್ಲೇ ನಮಗೆ ಎಲ್ಲ ಗೊತ್ತಾಗುತ್ತದೆ.

ಈಗ ನೀವು ಕಳಿಸಿದ ಹಾಡು. ಮೊದಲ ಚರಣದಲ್ಲಿ ಕಣ್ಣೀರು, ಕತ್ತಲು, ವಿರಹ ಎಲ್ಲ ಜಾಸ್ತಿಯಾಗಿದೆ. ಅಜ್ಜಿಯೇ ಕಾಣುವುದಿಲ್ಲ. ಮೂರನೇ ಚರಣದಲ್ಲಿ ಅವರ ಎಲೆ ಅಡಿಕೆ ಚೀಲವನ್ನು ಯಾರೂ ಗೂಟದಿಂದ ಇಳಿಸಿಲ್ಲ ಎನ್ನುತ್ತೀರಿ. ನೀವು ನಕ್ಕ ಪ್ರಾಸ ಇರುವುದೂ ಅಲ್ಲೇ. ಹಾಡು ಅಲ್ಲಿಂದ ಶುರುವಾಗಲಿ, ಮೊದಲ ಚರಣವನ್ನು ಧೈರ್ಯವಾಗಿ ತೆಗೆದುಹಾಕಿ.

ಅಮ್ಮನ ಮುಂದೆ ಹಾಡುವ ವಿಷಯಕ್ಕೆ ಬಂದರೆ, ಅವರನ್ನೇ ಕೇಳಿ. ಈಗ ಬೇಡ ಅಂದರೆ ಒತ್ತಾಯ ಮಾಡಬೇಡಿ. ಕೇಳುತ್ತೇನೆ ಅಂದರೆ ಮೈಕು, ಮೊಬೈಲು ಏನೂ ಬೇಡ, ಸುಮ್ನೆ ಪಕ್ಕದಲ್ಲಿ ಕೂತು ಹಾಡಿ. ತಿದ್ದಿದ ಹಾಡನ್ನು ನಮಗೂ ಕಳಿಸಿ.

– ಸಂಪಾದಕ